ಮೇಖಲೆ ಮತ್ತು ಯೋಕ್ತ್ರ: ಎರಡು ನಡುಕಟ್ಟುಗಳ ಅರ್ಥವಿವೇಚನೆ

ಶಬ್ದಾರ್ಥದ ವಿಷಯದಲ್ಲಿ ನಮ್ಮ ಹಿರಿಯರು ಇರಿಸಿಕೊಂಡಿದ್ದ ಎಚ್ಚರವನ್ನು ನಾವು ಉಳಿಸಿಕೊಂಡಿಲ್ಲವೆಂದರೆ ಅದು ಯಾರ ಮೇಲಣ ದೂಷಣೆಯೂ ಅಲ್ಲ. ನಮ್ಮ ತಪ್ಪಿನ ಒಪ್ಪಿಗೆ ಮಾತ್ರ. ಕೋಶದಲ್ಲಿ ಒಂದೇ ಸಾಲಿನಲ್ಲಿ ಕುಳಿತ ಎರಡು ಮಾತುಗಳಲ್ಲಿ ಒಂದರ ಬದಲಿಗೆ ಇನ್ನೊಂದನ್ನಿಟ್ಟು ನಡೆಸುವುದು ಸುಲಭ. ಕಾವ್ಯದಲ್ಲಿ ಪ್ರಾಸಕ್ಕಾಗಿಯೋ ಮಾತ್ರೆಗಾಗಿಯೋ ಹಾಗೆ ಮಾಡಿದರೆ ಯಾರೂ ಆಕ್ಷೇಪಿಸರು. ಆದರೆ ಒಂದು ಸಂಸ್ಕಾರದ ಸ್ವರೂಪವೇನು, ಅದಕ್ಕೆ ಅಧಿಕಾರಿಗಳು ಯಾರು ಎಂಬುದನ್ನು ನಿರ್ಣಯಿಸಲು ಹೊರಟಾಗ ಹಾಗೆ ಮಾಡಿದರೆ ಅರ್ಥಕ್ಕೆ ಬದಲಾಗಿ ಅನರ್ಥವೇ ಕೈಗೆ ಬರುತ್ತದೆ.

ಈ ಮಾತನ್ನು ಹೇಳಲು ಕಾರಣವಿದೆ. ಕೆಲವು ತಿಂಗಳ ಹಿಂದೆ ಸ್ತ್ರೀಯರ ದೀಕ್ಷಾಧಿಕಾರವನ್ನು ಕುರಿತ ಒಂದು ಗೋಷ್ಠಿಯಲ್ಲಿ ಇಬ್ಬರು ವಿದ್ವಾಂಸರ ಉಪನ್ಯಾಸಗಳನ್ನು ಕೇಳುವ ಅವಕಾಶ ದೊರೆಯಿತು. ಮೊದಲಿನವರು, ವೇದಕಾಲದಲ್ಲಿ ಯಜಮಾನನಿಗೆ ಕಟ್ಟಿದಂತೆಯೇ ಅವನ ಪತ್ನಿಗೂ ಮೇಖಲೆಯನ್ನು ಕಟ್ಟುತ್ತಿದ್ದರು, ಆದ್ದರಿಂದ ಹನ್ನೆರಡನೆಯ ಶತಮಾನದ ಶರಣರು ಸ್ತ್ರೀಗೆ ಕೊಟ್ಟದ್ದು ಹೊಸದೇನೂ ಅಲ್ಲ, ಮರೆತುಹೋದುದನ್ನು ನೆನಪಿಸಿದರು ಅಷ್ಟೇ ಎಂದರು. ಎರಡನೆಯವರು ಅದಕ್ಕೆ ಉತ್ತರವಾಗಿ, ಕಟ್ಟುತ್ತಿದ್ದುದು ಮೇಖಲೆಯನ್ನಲ್ಲ, ಎತ್ತಿಗೆ ಕಟ್ಟುವ ಹಗ್ಗವನ್ನು. ಸ್ತ್ರೀಯನ್ನು ಪಶುವೆಂದು ಬಗೆದುದಕ್ಕೆ ಬೇರೆ ಸಾಕ್ಷಿ ಬೇಡ ಎಂದು ಗುಡುಗಿದರು. ಇಬ್ಬರೂ ನುಡಿದದ್ದು ಒಂದೇ ವಸ್ತುವನ್ನು ಕುರಿತು. ಆ ವಸ್ತುವಿನ ನಿಜವಾದ ಹೆಸರನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ದಾಸೋಹದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು, “ಎರಡರಲ್ಲಿ ಯಾವುದು ಖರೆ ಗುರುಗಳೆ?” ಎಂದು ಕೇಳಿದಳು. ಪ್ರಸಾದದ ಮುಂದೆ ಕುಳಿತು ಹೇಳಿ ಮುಗಿಸುವ ಮಾತು ಅದಾಗಿರಲಿಲ್ಲ. ಆ ಮಗಳಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ವಾಚಕರ ಸಮಕ್ಷಮ ನಿವೇದಿಸಿಕೊಳ್ಳುತ್ತಿದ್ದೇನೆ.

ಕೋಶದಲ್ಲಿ ಮೇಖಲೆ

ಮೊದಲು ಮೇಖಲೆಯನ್ನೇ ತೆಗೆದುಕೊಳ್ಳೋಣ. ಅಮರಸಿಂಹನು ತನ್ನ ಕೋಶದ ಮನುಷ್ಯವರ್ಗದಲ್ಲಿ ಮೇಖಲಾ, ಕಾಂಚೀ, ಸಪ್ತಕೀ, ರಶನಾ, ಸಾರಸನ ಎಂಬ ಐದು ಮಾತುಗಳನ್ನು ಹೆಣ್ಣಿನ ನಡುವಿನ ಆಭರಣಕ್ಕೆ ಹೇಳಿ, ಗಂಡಿನ ನಡುವಿನದಕ್ಕೆ ಶೃಂಖಲ ಎಂಬ ಬೇರೆ ಮಾತನ್ನು ಕೊಡುತ್ತಾನೆ. ಅಮರದ ವ್ಯಾಖ್ಯಾನಗಳಲ್ಲಿ ಬರುವ ಒಂದು ಪ್ರಸಿದ್ಧ ಶ್ಲೋಕವು ಈ ಮಾತುಗಳನ್ನು ಇನ್ನೂ ನವಿರಾಗಿ ವಿಂಗಡಿಸುತ್ತದೆ. ಅದರಂತೆ ಒಂದೇ ಎಳೆಯದು ಕಾಂಚಿ, ಎಂಟು ಎಳೆಯದು ಮೇಖಲೆ, ಹದಿನಾರು ಎಳೆಯದು ರಶನೆ, ಇಪ್ಪತ್ತೈದು ಎಳೆಯದು ಕಲಾಪ. ಕವಿಗಳು ಈ ಲೆಕ್ಕವನ್ನು ಸದಾ ಪಾಲಿಸಿದರೆಂದು ಭಾವಿಸಬೇಕಾಗಿಲ್ಲ. ಆದರೂ ಒಂದೊಂದು ಮಾತಿಗೂ ಒಂದೊಂದು ವಸ್ತುವಿದೆ ಎಂಬ ವಿವೇಕ ವ್ಯಾಖ್ಯಾನಕಾರರಿಗೆ ಇತ್ತು ಎಂಬುದನ್ನು ಇದು ತೋರಿಸುತ್ತದೆ.

ಇಲ್ಲಿಯೇ ವಿದ್ಯಾರ್ಥಿಗಳಿಗೆ ಮೊದಲ ತೊಡಕು ಎದುರಾಗುತ್ತದೆ. ಕೋಶದ ಪ್ರಕಾರ ಮೇಖಲೆ ಹೆಣ್ಣಿನ ಒಡವೆ. ಉಪನಯನದಲ್ಲಾದರೋ ಮೇಖಲೆಯನ್ನು ಕಟ್ಟುವುದು ಗಂಡುಹುಡುಗನಿಗೆ. ಇದೇನು ವಿರೋಧ? ವಾಸ್ತವವಾಗಿ ಇಲ್ಲಿ ವಿರೋಧವಿಲ್ಲ. ಕೋಶವು ಅಲಂಕಾರವನ್ನು ಹೇಳುತ್ತದೆ, ಸೂತ್ರ ಸ್ಮೃತಿಗಳು ಸಂಸ್ಕಾರವನ್ನು ಹೇಳುತ್ತವೆ. ಚಿನ್ನದ ಮೇಖಲೆ ಬೇರೆ, ಹುಲ್ಲಿನ ಮೇಖಲೆ ಬೇರೆ. ಸುತ್ತುಗಟ್ಟು ಎಂಬ ಸಾಮಾನ್ಯಾರ್ಥದಿಂದಲೇ ಈ ಮಾತು ಬೆಟ್ಟದ ನಡುಭಾಗಕ್ಕೂ ಹೋಮಕುಂಡದ ಸುತ್ತಣ ಮೆಟ್ಟಿಲಿಗೂ ಸಂದಿದೆ. ಭೂಮಿಯನ್ನು ಸಾಗರಮೇಖಲೆ ಎಂದು ಕವಿಗಳು ಕರೆದಿದ್ದಾರೆ. ಹೀಗೆ ಹಲವು ಕಡೆ ಹರಡಿದ ಮಾತಾದ್ದರಿಂದಲೇ, ನಡುವಿಗೆ ಸುತ್ತಿದ್ದು ಯಾವುದೇ ಇರಲಿ ಮೇಖಲೆ ಎಂದುಬಿಡುವ ಅಭ್ಯಾಸ ಬೆಳೆದದ್ದು.

ಸಂಸ್ಕಾರದಲ್ಲಿ ಮೇಖಲೆ

ಉಪನಯನದ ಮೇಖಲೆ ಅಲಂಕಾರವಲ್ಲ, ಅಧಿಕಾರದ ಗುರುತು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಅದರ ದ್ರವ್ಯವನ್ನು ವರ್ಣಭೇದದಿಂದ ಹೇಳಿದೆ. ಬ್ರಾಹ್ಮಣ ವಟುವಿಗೆ ಮುಂಜದ ಹುಲ್ಲನ್ನು ಮೂರೆಳೆಯಾಗಿ ನಯವಾಗಿ ಹೊಸೆದದ್ದು, ಕ್ಷತ್ರಿಯನಿಗೆ ಮೂರ್ವೆಯ ನಾರಿನ ಬಿಲ್ಲಿನ ಹೆದೆ, ವೈಶ್ಯನಿಗೆ ಸೆಣಬಿನ ನೂಲು. ಗಂಟುಗಳು ಒಂದು, ಮೂರು ಅಥವಾ ಐದು. ಸವೆದು ಹರಿದರೆ ನೀರಿನಲ್ಲಿ ಬಿಟ್ಟು ಮಂತ್ರಪೂರ್ವಕವಾಗಿ ಹೊಸದನ್ನು ಧರಿಸಬೇಕು. ವಿದ್ಯಾಭ್ಯಾಸ ಮುಗಿದು ಸಮಾವರ್ತನವಾದಾಗ ಅದನ್ನು ಬಿಚ್ಚಬೇಕು. ಆದ್ದರಿಂದ ಮೇಖಲೆಯು ಬ್ರಹ್ಮಚರ್ಯದೊಡನೆ ಹುಟ್ಟಿ ಬ್ರಹ್ಮಚರ್ಯದೊಡನೆ ಮುಗಿಯುವಂಥದು. ಅಥರ್ವವೇದದ ಆರನೆಯ ಕಾಂಡದಲ್ಲಿ ಮೇಖಲೆಯನ್ನೇ ದೇವತೆಯಂತೆ ಸಂಬೋಧಿಸಿದ ಒಂದು ಸೂಕ್ತವಿರುವುದನ್ನು ನೋಡಿದರೆ ಅದರ ಗೌರವ ಎಷ್ಟಿತ್ತೆಂಬುದು ವಿದಿತವಾಗುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಇಂದು ಉಪನಯನವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಜನಿವಾರ. ಆದರೆ ಹಲವು ಗೃಹ್ಯಸೂತ್ರಗಳು ಉಪನಯನದ ಸಂದರ್ಭದಲ್ಲಿ ಮೇಖಲೆ, ಅಜಿನ, ದಂಡಗಳನ್ನು ವಿವರವಾಗಿ ಹೇಳುತ್ತವೆಯೇ ಹೊರತು ಯಜ್ಞೋಪವೀತವನ್ನು ತೊಡಿಸುವ ಮಾತನ್ನು ಎತ್ತುವುದಿಲ್ಲ. ಭಾರತರತ್ನ ಪಾಂಡುರಂಗ ವಾಮನ ಕಾಣೆಯವರು ತಮ್ಮ ಧರ್ಮಶಾಸ್ತ್ರದ ಇತಿಹಾಸದ ಎರಡನೆಯ ಸಂಪುಟದಲ್ಲಿ (೧೯೪೧) ಇದನ್ನು ಗುರುತಿಸಿದ್ದಾರೆ. ಉಪನಯನಕ್ಕೆ ಮೌಂಜೀಬಂಧನ, ಅಂದರೆ ಮುಂಜದ ಪಟ್ಟಿಯನ್ನು ಕಟ್ಟುವುದು, ಎಂಬ ಪರ್ಯಾಯನಾಮ ಬಂದುದಕ್ಕೂ ಮರಾಠಿಯಲ್ಲಿ ಇಂದಿಗೂ ಅದನ್ನು ಮುಂಜ ಎಂದು ಕರೆಯುವುದಕ್ಕೂ ಇದೇ ಹಿನ್ನೆಲೆ. ಹೆಗಲಿನ ದಾರಕ್ಕಿಂತ ನಡುವಿನ ಪಟ್ಟಿಯೇ ಆ ಸಂಸ್ಕಾರದ ಹೃದಯವಾಗಿತ್ತು.

ಯೋಕ್ತ್ರವೆಂದರೇನು

ಈಗ ಎರಡನೆಯ ಮಾತಿಗೆ ಬರೋಣ. ಯೋಕ್ತ್ರ ಶಬ್ದವು ಕೂಡಿಸು, ಹೂಡು ಎಂಬರ್ಥದ ಯುಜ್ ಧಾತುವಿನಿಂದ ಬಂದದ್ದು. ಹೂಡುವ ಸಾಧನ ಯಾವುದೋ ಅದು ಯೋಕ್ತ್ರ. ಎತ್ತು ಕುದುರೆಗಳನ್ನು ನೊಗಕ್ಕೆ ಬಿಗಿಯುವ ಪಟ್ಟಿಗೆ ಇದು ಮೂಲದ ಹೆಸರು. ನಮ್ಮ ರೈತರ ಮಿಣಿ ಜತ್ತಿಗೆಗಳ ಬಳಗಕ್ಕೆ ಸೇರಿದ ವಸ್ತು. ಇದೇ ಹೆಸರಿನ ಮುಂಜದ ಹಗ್ಗವನ್ನು ಶ್ರೌತಯಾಗಗಳಲ್ಲಿ ಯಜಮಾನನ ಪತ್ನಿಯ ನಡುವಿಗೆ ಕಟ್ಟುತ್ತಾರೆ. ಆ ಕರ್ಮಕ್ಕೆ ಪತ್ನೀಸನ್ನಹನ ಎಂದು ಹೆಸರು. ಆಪಸ್ತಂಬ ಗೃಹ್ಯಸೂತ್ರದ ಕ್ರಮದಲ್ಲಿ ವಿವಾಹದಲ್ಲಿಯೂ ವಧುವಿಗೆ ಹೊಸ ವಸ್ತ್ರವನ್ನು ಉಡಿಸಿದ ಮೇಲೆ ಯೋಕ್ತ್ರದಿಂದ ನಡುವನ್ನು ಬಿಗಿಯುವ ವಿಧಿಯಿದೆ.

ಎರಡು ಮಾತುಗಳನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ತಾರತಮ್ಯವನ್ನು ತೋರಿಸುವ ಆಧಾರವು ತೈತ್ತಿರೀಯ ಸಂಹಿತೆಯ ಆರನೆಯ ಕಾಂಡದಲ್ಲಿದೆ. ಸೋಮಯಾಗದ ದೀಕ್ಷೆಯ ಪ್ರಕರಣದಲ್ಲಿ, ಯಜಮಾನನನ್ನು ಮೇಖಲೆಯಿಂದಲೂ ಪತ್ನಿಯನ್ನು ಯೋಕ್ತ್ರದಿಂದಲೂ ದೀಕ್ಷಿತರನ್ನಾಗಿ ಮಾಡುತ್ತಾನೆಂದೂ ಅದು ಅವರಿಬ್ಬರ ಜೋಡಿತನಕ್ಕಾಗಿ ಎಂದೂ ಅಲ್ಲಿ ಹೇಳಿದೆ. ಎರಡೂ ಒಂದೇ ಆಗಿದ್ದರೆ ಶ್ರುತಿಯು ಒಂದೇ ವಾಕ್ಯದಲ್ಲಿ ಎರಡು ಹೆಸರುಗಳನ್ನು ಏಕೆ ಹೇಳೀತು? ಪತ್ನಿಗೂ ಮೇಖಲೆಯನ್ನು ಕಟ್ಟುತ್ತಿದ್ದರೆಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಜೊತೆಗೆ ಪತ್ನಿಗೂ ದೀಕ್ಷೆಯ ಶಬ್ದವನ್ನೇ ಶ್ರುತಿ ಬಳಸಿದೆ ಎಂಬುದನ್ನೂ ಮರೆಯತಕ್ಕದ್ದಲ್ಲ. ಆದ್ದರಿಂದ ಕೇವಲ ಎತ್ತಿನ ಹಗ್ಗವೆಂಬ ಮಾತೂ ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಭೇದ ಎಲ್ಲಿದೆ? ದ್ರವ್ಯದಲ್ಲಿ ಇಲ್ಲ. ದೀಕ್ಷಿತನ ಮೇಖಲೆಯನ್ನು ಸಂಹಿತೆಯು ಶರದ ಹುಲ್ಲಿನದೆಂದು ಹೇಳುತ್ತದೆ, ಯೋಕ್ತ್ರ ಮುಂಜದ್ದು. ಎರಡೂ ಒಂದೇ ಬಳಗದ ಜೊಂಡುಹುಲ್ಲುಗಳು. ಸ್ಥಾನದಲ್ಲಿಯೂ ಇಲ್ಲ. ಎರಡನ್ನೂ ಕಟ್ಟುವುದು ನಡುವಿಗೇ. ಒಂದೇ ಬಗೆಯ ಹುಲ್ಲು, ಒಂದೇ ಬಗೆಯ ಹೊಸೆತ, ಒಂದೇ ಸ್ಥಾನ. ಆದರೂ ಹೆಸರು ಎರಡು. ಏಕೆಂದರೆ ಎರಡರ ಉದ್ದೇಶ ಬೇರೆ.

ನಾಭಿಯ ಗೆರೆ

ಆ ಉದ್ದೇಶಗಳನ್ನು ಆ ಗ್ರಂಥಗಳೇ ಬಾಯ್ಬಿಟ್ಟು ಹೇಳುತ್ತವೆ. ಮೇಖಲೆಯ ವಿಷಯದಲ್ಲಿ ತೈತ್ತಿರೀಯ ಸಂಹಿತೆ ಕೊಡುವ ಕಾರಣಗಳಲ್ಲಿ ಎರಡು ಇಲ್ಲಿ ಗಮನಾರ್ಹ. ಅಂಗಿರಸರು ಸ್ವರ್ಗಕ್ಕೆ ಹೋಗುವಾಗ ಬಲವನ್ನು ತಮ್ಮೊಳಗೆ ಹಂಚಿಕೊಂಡು ಉಳಿದ ಭಾಗವೇ ಶರದ ಹುಲ್ಲಾಯಿತು. ಅದನ್ನು ನಡುವಿಗೆ ಕಟ್ಟಿದವನು ತನ್ನ ನಡುವಿನಲ್ಲಿ ಆ ಬಲವನ್ನು ಪಡೆಯುತ್ತಾನೆ ಎಂಬುದು ಮೊದಲನೆಯದು. ಮನುಷ್ಯನ ದೇಹ ನಾಭಿಯಿಂದ ಮೇಲೆ ಯಜ್ಞಯೋಗ್ಯ, ಕೆಳಗೆ ಅಲ್ಲ. ನಡುವಿನಲ್ಲಿ ಕಟ್ಟುವುದರಿಂದ ಅವನು ಶುದ್ಧವನ್ನೂ ಅಶುದ್ಧವನ್ನೂ ತನ್ನೊಳಗೆ ಬೇರ್ಪಡಿಸುತ್ತಾನೆ ಎಂಬುದು ಎರಡನೆಯದು. ಒಟ್ಟಿನಲ್ಲಿ ಮೇಖಲೆಯು ಅವನಿಗೆ ಬಲವನ್ನು ಕೊಡುವ ಮತ್ತು ವಿವೇಕದ ಗೆರೆಯನ್ನು ಎಳೆಯುವ ಸಾಧನ.

ಯೋಕ್ತ್ರದ ವಿಷಯವನ್ನು ಶುಕ್ಲಯಜುರ್ವೇದದ ಶತಪಥ ಬ್ರಾಹ್ಮಣವು ಮೊದಲನೆಯ ಕಾಂಡದಲ್ಲಿ, ದರ್ಶಪೂರ್ಣಮಾಸದ ಪ್ರಕರಣದಲ್ಲಿ ಎತ್ತಿಕೊಳ್ಳುತ್ತದೆ. ಹೂಡತಕ್ಕ ಪ್ರಾಣಿಯನ್ನು ಯೋಕ್ತ್ರದಿಂದ ಹೂಡುತ್ತಾರಲ್ಲವೆ, ಅದಕ್ಕಾಗಿ ಪತ್ನಿಯನ್ನು ಯೋಕ್ತ್ರದಿಂದ ಬಿಗಿಯುತ್ತಾರೆ ಎಂದು ಅದು ನೇರವಾಗಿಯೇ ಹೇಳುತ್ತದೆ. ಬಳಿಕ, ನಾಭಿಯ ಕೆಳಗಿನ ಭಾಗ ಅಶುದ್ಧವಾದುದು, ಅವಳು ಯಜ್ಞದ ಆಜ್ಯವನ್ನು ದರ್ಶಿಸಬೇಕಾಗಿರುವುದರಿಂದ ಆ ಭಾಗವನ್ನು ಯೋಕ್ತ್ರದಿಂದ ಮರೆಮಾಡುತ್ತಾರೆ ಎನ್ನುತ್ತದೆ.

ಸಹೃದಯರು ಇಲ್ಲಿ ಒಂದು ನಿಮಿಷ ನಿಲ್ಲಬೇಕೆಂದು ಪ್ರಾರ್ಥನೆ. ನಾಭಿಯ ಗೆರೆ ಇಬ್ಬರಿಗೂ ಒಂದೇ. ಗಂಡಿನ ದೇಹವೂ ನಾಭಿಯ ಕೆಳಗೆ ಅಶುದ್ಧವೆಂದೇ ಶ್ರುತಿಯ ಮತ. ಆದರೆ ಅದೇ ಗೆರೆಯ ಮೇಲೆ ಬಿದ್ದ ಹುಲ್ಲಿನ ಪಟ್ಟಿ ಅವನಲ್ಲಿ ಬೇರ್ಪಡಿಸುತ್ತದೆ, ಅವಳಲ್ಲಿ ಮರೆಮಾಡುತ್ತದೆ. ಅವನಿಗೆ ಬಲ ಬರುತ್ತದೆ, ಅವಳಿಗೆ ಅವನೊಡನೆ ಕೂಡಿ ನಡೆಯುವ ಯೋಗ್ಯತೆ ಬರುತ್ತದೆ. ಮೇಖಲೆ ಮತ್ತು ಯೋಕ್ತ್ರಗಳ ಭೇದವೆಲ್ಲವೂ ಈ ಎರಡು ಕ್ರಿಯಾಪದಗಳಲ್ಲಿ ಅಡಗಿದೆ. ಮೇಖಲೆ ಅವನದೇ ಅಧಿಕಾರದ ಗುರುತು, ಯೋಕ್ತ್ರ ಇನ್ನೊಬ್ಬರ ಅಧಿಕಾರದಲ್ಲಿ ಪಾಲು ಸಿಕ್ಕಿದ್ದರ ಗುರುತು. ಬಟುವಿನ ಮೇಖಲೆ ಓದು ಮುಗಿಯುವವರೆಗೆ ಇರುತ್ತದೆ. ಪತ್ನಿಯ ಯೋಕ್ತ್ರವನ್ನು ಆ ಇಷ್ಟಿ ಮುಗಿದೊಡನೆ ಬಿಚ್ಚುತ್ತಾರೆ.

ಎರಡು ಪಕ್ಷಗಳ ತಪ್ಪು

ಇಷ್ಟನ್ನು ಕಂಡ ಮೇಲೆ ಎರಡನೆಯ ಉಪನ್ಯಾಸಕರ ಪಕ್ಷವೇ ಗೆದ್ದಿತೆಂದು ಕೆಲವರಿಗೆ ತೋರಬಹುದು. ಹಾಗೆ ಹೇಳುವುದು ನ್ಯಾಯವಲ್ಲ. ಅದೇ ಶತಪಥವು ಮುಂದುವರಿದು, ಹಗ್ಗವು ವರುಣನದು, ವಸ್ತ್ರವು ಓಷಧಿಗಳ ರೂಪ, ಆದಕಾರಣ ವಸ್ತ್ರದ ಮೇಲಿಂದ ಕಟ್ಟಬೇಕು, ಇಲ್ಲವಾದರೆ ವರುಣನ ಪಾಶ ಅವಳನ್ನು ನೋಯಿಸೀತು ಎಂದು ಎಚ್ಚರಿಸುತ್ತದೆ. ಗಂಟನ್ನು ಹಾಕಬಾರದೆಂದೂ ಗಂಟು ವರುಣನದೆಂದೂ ಹೇಳುತ್ತದೆ. ಎತ್ತಿಗೆ ಕಟ್ಟುವವನು ಹೀಗೆ ನೋವಿನ ಲೆಕ್ಕ ಹಾಕಿ ಕಟ್ಟುವುದಿಲ್ಲ. ತೈತ್ತಿರೀಯ ಬ್ರಾಹ್ಮಣವಂತೂ ಇನ್ನೂ ಎತ್ತರದ ಮಾತನ್ನು ಆಡುತ್ತದೆ. ಈ ಸನ್ನಹನವೇ ಪತ್ನಿಯ ವ್ರತೋಪನಯನ, ಇದರಿಂದಲೇ ಅವಳನ್ನು ವ್ರತದ ಬಳಿಗೆ ಕರೆದೊಯ್ಯುತ್ತಾರೆ ಎಂಬುದು ಅದರ ಅಭಿಪ್ರಾಯ. ಕಟ್ಟುವಾಗಿನ ಮಂತ್ರದಲ್ಲಿ ಅವಳು ಒಳ್ಳೆಯ ಮನಸ್ಸನ್ನೂ ಸಂತತಿಯನ್ನೂ ಸೌಭಾಗ್ಯವನ್ನೂ ಬಯಸಿ, ಅಗ್ನಿಗೆ ಅನುವ್ರತೆಯಾಗಿ ಪುಣ್ಯಕಾರ್ಯಕ್ಕೆ ಸನ್ನದ್ಧಳಾಗುತ್ತಾಳೆ. ಬಿಚ್ಚುವಾಗಿನ ಮಂತ್ರದಲ್ಲಿ, ಸವಿತೃದೇವ ಕಟ್ಟಿದ ವರುಣಪಾಶವನ್ನು ಸಡಿಲಿಸುತ್ತೇನೆ ಎನ್ನುತ್ತಾಳೆ. ಇದನ್ನೆಲ್ಲ ಒರೆಸಿಹಾಕಿ ಎತ್ತಿನ ಹಗ್ಗ ಎಂದಷ್ಟೇ ಹೇಳುವುದು ವಿಮರ್ಶೆಯಲ್ಲ, ಬೈಗುಳ.

ಮೊದಲಿನವರ ಪಕ್ಷಕ್ಕೂ ಆಧಾರಗಳು ಇಲ್ಲದಿಲ್ಲ. ಪೂರ್ವಕಲ್ಪದಲ್ಲಿ ನಾರಿಯರಿಗೆ ಮೌಂಜೀಬಂಧನವಿತ್ತೆಂದು ಯಮನ ಹೆಸರಿನಲ್ಲಿ ನಿಬಂಧಕಾರರು ಉದ್ಧರಿಸುವ ವಚನವಿದೆ. ಹಾರೀತನು ಸ್ತ್ರೀಯರಲ್ಲಿ ಬ್ರಹ್ಮವಾದಿನಿ, ಸದ್ಯೋವಧು ಎಂದು ಎರಡು ಬಗೆಯನ್ನು ಹೇಳಿ, ಬ್ರಹ್ಮವಾದಿನಿಯರಿಗೆ ಉಪನಯನ, ಅಗ್ನಿಕಾರ್ಯ, ವೇದಾಧ್ಯಯನ ಉಂಟೆಂದನು. ಇವು ಅಲ್ಲಗಳೆಯತಕ್ಕ ಮಾತುಗಳಲ್ಲ. ಆದರೆ ಈ ಆಧಾರಗಳು ಮೇಖಲೆಯನ್ನು ಕುರಿತವು. ಅವನ್ನು ಯೋಕ್ತ್ರದ ತಲೆಗೆ ಕಟ್ಟುವುದು ಸರಿಯಲ್ಲ. ಅಲ್ಲದೆ ಯಮನ ವಚನವೇ ಅದನ್ನು ಕಳೆದುಹೋದ ಕಲ್ಪದ ಸಂಗತಿಯಾಗಿ ಹೇಳುತ್ತದೆ. ಮನುವಾದರೋ ಹೆಣ್ಣಿಗೆ ವಿವಾಹವೇ ವೈದಿಕ ಸಂಸ್ಕಾರ, ಪತಿಸೇವೆಯೇ ಗುರುಕುಲವಾಸ, ಮನೆಗೆಲಸವೇ ಅಗ್ನಿಕಾರ್ಯ ಎಂದು ತೀರ್ಮಾನಿಸಿಬಿಟ್ಟನು. ಅಂದರೆ ಮೇಖಲೆಯ ಬಾಗಿಲು ಮುಚ್ಚಿದ ಮೇಲೆ ಅವಳಿಗೆ ಉಳಿದದ್ದು ಯೋಕ್ತ್ರ ಒಂದೇ. ಒಂದು ಪಕ್ಷವು ಎರಡನ್ನೂ ಒಂದೆಂದು ಹೇಳಿ ಆ ಮುಚ್ಚಿದ ಬಾಗಿಲನ್ನು ಮರೆಸುತ್ತದೆ. ಇನ್ನೊಂದು ಪಕ್ಷವು ಯೋಕ್ತ್ರವನ್ನು ಹೀಗಳೆದು, ಬಾಗಿಲು ಮುಚ್ಚಿದ ಮೇಲೂ ಅವಳ ಕೈಯಲ್ಲಿ ಉಳಿದ ಅಲ್ಪಸ್ವಲ್ಪ ಗೌರವವನ್ನೂ ಕಿತ್ತುಕೊಳ್ಳುತ್ತದೆ.

ಶರಣರ ಮಾರ್ಗ

ಇಷ್ಟು ಹಿನ್ನೆಲೆಯನ್ನಿಟ್ಟುಕೊಂಡು ನಮ್ಮ ಶರಣಸಾಹಿತ್ಯಕ್ಕೆ ಬಂದರೆ ಕೆಲವು ಸಂಗತಿಗಳು ಹೊಸ ಬೆಳಕಿನಲ್ಲಿ ಕಾಣುತ್ತವೆ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಬಸವಣ್ಣನವರು ಧರಿಸಿದ್ದ ಜನಿವಾರವನ್ನು ಕಳೆದು ಕೂಡಲಸಂಗಮಕ್ಕೆ ನಡೆಯುತ್ತಾರೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಉಪನಯನಕ್ಕೇ ಒಪ್ಪದೆ ತಂದೆಯೊಡನೆ ವಾದಿಸುತ್ತಾರೆ. ಈ ಎರಡು ಕಥನಗಳನ್ನು ವಿವರಿಸುವವರು ಸಾಮಾನ್ಯವಾಗಿ ಹೆಗಲ ಮೇಲಿನ ದಾರವೊಂದನ್ನೇ ನೋಡುತ್ತಾರೆ. ಉಪನಯನದ ನಿರಾಕರಣೆ ಎಂದರೆ ಮೂರು ವರ್ಣಕ್ಕೆ ಮೂರು ದ್ರವ್ಯವನ್ನು ವಿಧಿಸಿದ, ನಾಲ್ಕನೆಯವನಿಗೆ ಏನನ್ನೂ ವಿಧಿಸದ, ಹೆಣ್ಣಿಗೆ ಬೇರೆಯೇ ಹೆಸರಿನ ಹಗ್ಗವನ್ನು ಕೊಟ್ಟ ಮೇಖಲೆಯ ನಿರಾಕರಣೆಯೂ ಹೌದು ಎಂಬುದನ್ನು ನೆನೆದರೆ ಆ ಪ್ರಸಂಗದ ತೂಕ ಇನ್ನೂ ಹೆಚ್ಚುತ್ತದೆ.

ಶರಣರು ಇದಕ್ಕೆ ಪ್ರತಿಯಾಗಿ ಮಾಡಿದ್ದೇನು? ಹೆಣ್ಣಿಗೂ ಒಂದು ಮೇಖಲೆಯನ್ನು ಕೊಡಿಸಿದರೆ? ಇಲ್ಲ. ನಡುಕಟ್ಟಿನ ವಿಚಾರವನ್ನೇ ಬಿಟ್ಟು, ಗುರುವು ಕರುಣಿಸಿದ ಇಷ್ಟಲಿಂಗವನ್ನು ಇಬ್ಬರಿಗೂ ಒಂದೇ ರೀತಿಯಲ್ಲಿ ಕಟ್ಟಿದರು. ಅದನ್ನು ಕಟ್ಟುವ ದಾರಕ್ಕೆ ಶಿವದಾರ ಎಂಬ ಒಂದೇ ಹೆಸರು. ಗಂಡಿನದಕ್ಕೆ ಒಂದು ಮಾತು, ಹೆಣ್ಣಿನದಕ್ಕೆ ಇನ್ನೊಂದು ಮಾತು ನಮ್ಮ ಸಂಪ್ರದಾಯದಲ್ಲಿ ಹುಟ್ಟಲೇ ಇಲ್ಲ. ಕುಲಕ್ಕೊಂದು ದ್ರವ್ಯದ ವಿಧಿಯೂ ಹುಟ್ಟಲಿಲ್ಲ. ಗರ್ಭದಲ್ಲಿರುವ ಶಿಶುವಿನ ಹೆಸರಿನಲ್ಲಿಯೇ ಲಿಂಗಸಂಬಂಧವಾಗುವ ಆಚಾರವನ್ನು ನೋಡಿರಿ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಆ ಹೊತ್ತಿಗೆ ಯಾರೂ ಅರಿಯರು. ಅರಿಯಬೇಕಾದ ಅಗತ್ಯವೂ ಇಲ್ಲ. ಈ ಆಚಾರದ ತಾತ್ಪರ್ಯವನ್ನು ನಾವು ಸಾಲದಷ್ಟೇ ಯೋಚಿಸಿದ್ದೇವೆ.

ನಾಭಿಯ ಗೆರೆಯ ಮಾತು ನಮ್ಮಲ್ಲಿಯೂ ಇದೆ ಎಂಬುದನ್ನು ಮುಚ್ಚಿಡಬಾರದು. ಶ್ರೀ ಸಿದ್ಧಾಂತಶಿಖಾಮಣಿಯ ಲಿಂಗಧಾರಣಸ್ಥಲದಲ್ಲಿ ತಲೆ, ಕೊರಳು, ಕಂಕುಳು, ಎದೆ, ಹೊಟ್ಟೆ, ಅಂಗೈಗಳನ್ನು ಲಿಂಗವನ್ನು ಧರಿಸುವ ಸ್ಥಾನಗಳೆಂದು ಹೇಳಿ, ನಾಭಿಯ ಕೆಳಗೆ ಧರಿಸುವುದು ಪಾಪಕ್ಕೆ ಕಾರಣವೆಂದು ನಿಷೇಧಿಸಿದೆ. ಆದರೆ ಈ ನಿಷೇಧವು ಲಿಂಗದ ಸ್ಥಾನವನ್ನು ಕುರಿತದ್ದು, ಧರಿಸುವವರ ಯೋಗ್ಯತೆಯನ್ನು ಕುರಿತದ್ದಲ್ಲ. ಗಂಡಿಗೆ ಎಷ್ಟೋ ಹೆಣ್ಣಿಗೂ ಅಷ್ಟೇ. ಯಾವ ಅಶುದ್ಧಿಯ ಕಾರಣದಿಂದ ಪತ್ನಿಗೆ ಮರೆಯ ಹಗ್ಗ ಬೇಕಾಯಿತೋ ಆ ಅಶುದ್ಧಿಯ ಭಾವನೆಯ ಬುಡಕ್ಕೇ ಕೈಹಾಕಿದ್ದು ಪಂಚಸೂತಕಗಳ ನಿರಾಕರಣೆ. ಜಾತಿ, ಜನನ, ಉಚ್ಛಿಷ್ಟ, ರಜಸ್ಸು, ಪ್ರೇತ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂದು ನಮ್ಮ ಸಿದ್ಧಾಂತ ಸಾರುತ್ತದೆ. ರಜಸ್ಸೂತಕವಿಲ್ಲವೆಂದ ಮೇಲೆ ಮರ್ಯಾದೆಯ ವಸ್ತ್ರ ಬೇಕಾದೀತೇ ಹೊರತು ಅಶುದ್ಧಿಯ ಮರೆ ಬೇಕಾಗುವುದಿಲ್ಲ.

ಇನ್ನು ಮುಖ್ಯವಾದ ಮಾತು. ಯೋಕ್ತ್ರ ಮತ್ತು ಯೋಗ ಎರಡೂ ಒಂದೇ ಧಾತುವಿನ ಮಕ್ಕಳು. ಯೋಕ್ತ್ರದಲ್ಲಿ ಹೆಣ್ಣು ಗಂಡನ ಮೂಲಕ ಯಜ್ಞಕ್ಕೆ ಕೂಡುತ್ತಾಳೆ. ಲಿಂಗಾಂಗಯೋಗದಲ್ಲಿ ಅಂಗವು ನಡುವೆ ಇನ್ನೊಬ್ಬರಿಲ್ಲದೆ ಲಿಂಗಕ್ಕೆ ಕೂಡುತ್ತದೆ. ಅಲ್ಲಿ ಶರಣನೇ ಸತಿ, ಲಿಂಗವೇ ಪತಿ. ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನನು ಪತಿಯಾದಂತೆಯೇ ಉರಿಲಿಂಗದೇವ, ಗಜೇಶ ಮಸಣಯ್ಯರಂಥ ಪುರುಷ ವಚನಕಾರರಿಗೂ ಲಿಂಗವೇ ಪತಿಯಾಯಿತು. ಹೂಡಲ್ಪಡುವವರು ಎಲ್ಲರೂ ಆದ ಮೇಲೆ ಹೂಡುವ ಯಜಮಾನನ ಸ್ಥಾನ ಮನುಷ್ಯರಲ್ಲಿ ಯಾರಿಗೂ ಉಳಿಯುವುದಿಲ್ಲ. ಮೇಖಲೆಗೂ ಯೋಕ್ತ್ರಕ್ಕೂ ಇದ್ದ ಭೇದ ಇಲ್ಲಿ ಅಳಿದುಹೋಗಿದೆ. ಆದರೆ ಅದು ಅಳಿದದ್ದು ಹೆಣ್ಣನ್ನು ಮೇಖಲೆಯ ಕಡೆಗೆ ಏರಿಸಿದ್ದರಿಂದಲ್ಲ, ಗಂಡನ್ನೂ ಹೆಣ್ಣನ್ನೂ ಒಂದೇ ಪತಿಯ ಮುಂದೆ ನಿಲ್ಲಿಸಿದ್ದರಿಂದ. ಶರಣರು ಹಳೆಯದನ್ನು ನೆನಪಿಸಿದರಷ್ಟೇ ಎಂಬ ಮೊದಲ ಉಪನ್ಯಾಸಕರ ಮಾತಿಗೆ ನನ್ನ ಉತ್ತರ ಇದೇ.

ಇದು ಬರಿಯ ಭಾವದ ಮಾತಲ್ಲ, ಬಾಳಿನಲ್ಲಿಯೂ ಕಂಡ ಮಾತು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದ ಗಂಡ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ತಿದ್ದಿ ಹಿಂದಕ್ಕೆ ಕಳುಹಿಸಿದಳು. ಯೋಕ್ತ್ರದ ಪತ್ನಿ ಯಜಮಾನನ ಯಾಗದಲ್ಲಿ ಕೂಡಿ ನಡೆಯುತ್ತಾಳೆ. ಲಕ್ಕಮ್ಮನಾದರೋ ಗಂಡನ ವ್ರತ ತಪ್ಪದಂತೆ ತಾನೇ ಕಾಯುತ್ತಾಳೆ. ಅಜಗಣ್ಣನ ತಂಗಿ ಮುಕ್ತಾಯಕ್ಕ ಅಲ್ಲಮಪ್ರಭುವಿನೊಡನೆಯೇ ಸರಿಸಮನಾಗಿ ಸಂವಾದಿಸಿದಳು. ಮೂವತ್ತಕ್ಕೂ ಮಿಕ್ಕ ಶರಣೆಯರ ವಚನಗಳು ನಮಗೆ ಉಳಿದು ಬಂದಿರುವುದು ಆಕಸ್ಮಿಕವಲ್ಲ. ಸ್ವಂತ ಅಧಿಕಾರವಿದ್ದವರಿಗೆ ಸ್ವಂತ ಮಾತು ಇರುತ್ತದೆ.

ನಮ್ಮ ಹೊಣೆ

ಇಷ್ಟು ಹೇಳಿ ನಿಲ್ಲಿಸಿದರೆ ಹೆಮ್ಮೆಯ ಮಾತಾಗಿ ಮುಗಿಯುತ್ತದೆ. ಆದರೆ ಹೆಮ್ಮೆಗಿಂತ ಎಚ್ಚರ ನಮಗೆ ಹೆಚ್ಚು ಬೇಕು. ನಾನು ಕಂಡ ಎಷ್ಟೋ ಮನೆಗಳಲ್ಲಿ ಗಂಡುಮಗನ ಲಿಂಗದೀಕ್ಷೆಗೆ ಚಪ್ಪರ ಹಾಕಿ ಬಂಧುಬಳಗವನ್ನು ಕರೆಯುತ್ತಾರೆ. ಹೆಣ್ಣುಮಗಳದು ಬಂದಾಗ, ಮದುವೆಯ ಹಂದರದಲ್ಲಿಯೇ ಒಟ್ಟಿಗೆ ಆಗಲಿ ಬಿಡಿ ಎನ್ನುತ್ತಾರೆ. ವಿವಾಹವೇ ಹೆಣ್ಣಿನ ಸಂಸ್ಕಾರ ಎಂದ ಮನುವಿನ ಮಾತಿಗೂ ಈ ಮಾತಿಗೂ ಅಂತರ ಎಷ್ಟು? ತಿಂಗಳ ಮೂರು ದಿನ ಕರಡಿಗೆಯನ್ನು ತೆಗೆದು ಮಾಡದಲ್ಲಿಡುವ ತಾಯಂದಿರನ್ನು ಕಂಡಿದ್ದೇನೆ. ರಜಸ್ಸೂತಕವಿಲ್ಲವೆಂದು ಅವರಿಗೆ ಯಾರೂ ತಿಳಿಸಿ ಹೇಳಿಲ್ಲ, ಹೇಳಬೇಕಾದವರು ನಾವು. ಶಿವದಾರಕ್ಕೆ ಹೆಸರು ಒಂದೇ ಉಳಿದಿದ್ದರೂ ಹೆಣ್ಣಿನ ಕೊರಳಿನಲ್ಲಿ ಅದನ್ನು ಯೋಕ್ತ್ರದಂತೆ, ಹೊತ್ತು ಬಂದಾಗ ಕಟ್ಟಿ ಹೊತ್ತು ಮೀರಿದಾಗ ಬಿಚ್ಚುವ ವಸ್ತುವಿನಂತೆ, ನಡೆಸಿಕೊಳ್ಳುತ್ತಿದ್ದೇವೆಯೆ ಎಂದು ಪ್ರತಿಯೊಬ್ಬರೂ ತಮ್ಮ ಮನೆಯನ್ನು ತಾವೇ ನೋಡಿಕೊಳ್ಳಬೇಕು.

ಗ್ರಂಥಸಂಪಾದಕರಲ್ಲಿಯೂ ಟಿಪ್ಪಣಿಕಾರರಲ್ಲಿಯೂ ನನ್ನದೊಂದು ಅರಿಕೆಯಿದೆ. ಕಾಂಚಿ, ಮೇಖಲೆ, ರಶನೆ, ಯೋಕ್ತ್ರ ಬಂದಲ್ಲೆಲ್ಲ ಸೊಂಟದ ಪಟ್ಟಿ ಎಂದು ಒಂದೇ ಅರ್ಥವನ್ನು ಬರೆದು ಮುಗಿಸಬೇಡಿರಿ. ಅಲಂಕಾರವಾದಲ್ಲಿ ಒಡವೆಯೆಂದೂ ಸಂಸ್ಕಾರವಾದಲ್ಲಿ ಯಾರಿಗೆ, ಯಾರು, ಎಷ್ಟು ಕಾಲಕ್ಕೆ ಕಟ್ಟಿದ್ದೆಂದೂ ಎರಡು ಸಾಲು ಹೆಚ್ಚಾಗಿ ಬರೆದರೆ ಓದುವ ಮಕ್ಕಳಿಗೆ ಉಪಕಾರವಾಗುತ್ತದೆ. ಹಳೆಯ ಗ್ರಂಥವನ್ನು ಹೊಗಳುವವರಿಗೂ ತೆಗಳುವವರಿಗೂ ಆ ಎರಡು ಸಾಲು ಅಗತ್ಯ.

ಅಂದು ಪಂಕ್ತಿಯಲ್ಲಿ ಕೇಳಿದ ಆ ಮಗಳಿಗೆ ಈಗ ಹೇಳಬಹುದು: ತಾಯಿ, ಆ ಇಬ್ಬರೂ ಹೇಳಿದ್ದರಲ್ಲಿ ಅರ್ಧರ್ಧ ಖರೆ ಇತ್ತು. ಅದು ಮೇಖಲೆಯಾಗಿರಲಿಲ್ಲ, ಬರಿಯ ಎತ್ತಿನ ಹಗ್ಗವೂ ಆಗಿರಲಿಲ್ಲ. ಅದಕ್ಕೆ ಯೋಕ್ತ್ರವೆಂಬ ಅದರದೇ ಹೆಸರಿತ್ತು. ನಿನ್ನ ಕೊರಳಿನಲ್ಲಿರುವುದು ಅವೆರಡೂ ಅಲ್ಲ. ಅದನ್ನು ಕಟ್ಟಿದ ಗುರು ನಿನ್ನ ತಮ್ಮನಿಗೂ ಅದನ್ನೇ ಕಟ್ಟಿದ್ದಾನೆ. ಅದನ್ನು ಬಿಚ್ಚಿಡಬೇಕಾದ ದಿನ ಯಾವುದೂ ಇಲ್ಲ.